ಮೈಗಳ್ಳ ಎಡಗಣ್ಣು

ನಮ್ಮ ಬಚ್ಚಲುಮನೆಯ ಕನ್ನಡಿಗೆ ಈಗೀಗ ಒಂದು ಕರಡಿ ಅಂಟಿಕೊಂಡಿರುತ್ತದೆ. ಹಳದಿ ಬಣ್ಣದ, ಹಲ್ಲು ಕಿಸಿದ ಕರಡಿ. ನನ್ನ ತಮ್ಮನ ಮೊಮ್ಮಗಳು ಪಲ್ಲವಿಯ ಕಣ್ಣಿನ ಪಟ್ಟಿ ಅದು. ಹಗಲು ಅವಳ ಬಲಗಣ್ಣಿನ ಮೇಲಿರುತ್ತದೆ. ಸಂಜೆ ಕಿತ್ತ ಮೇಲೆ ಎಸೆಯಲು ಮನಸ್ಸಾಗದೆ ಕನ್ನಡಿಗೆ ಅಂಟಿಸುತ್ತಾಳೆ. ಮೊನ್ನೆ ಬೆಳಿಗ್ಗೆ ಹಲ್ಲಿನ ಸೆಟ್ಟು ಕೂರಿಸಿಕೊಳ್ಳಲು ಕನ್ನಡಿಯ ಮುಂದೆ ನಿಂತರೆ ಕರಡಿ ಸರಿಯಾಗಿ ನನ್ನ ಬಲಗಣ್ಣಿನ ಜಾಗದಲ್ಲಿ ಕೂತಿತ್ತು. ಎಡಗಣ್ಣು ಎಂದಿನಂತೆ ಬಾಗಿಲ ಕಡೆ ನೋಡುತ್ತಿತ್ತು, ಯಾರೋ ಬರುವವರಿದ್ದಾರೆ ಎನ್ನುವ ಹಾಗೆ.

ಎಂಬತ್ತು ವರ್ಷದಿಂದ ಅದು ಹಾಗೇ ನೋಡುತ್ತಿದೆ. ಯಾರೂ ಬಂದಿಲ್ಲ.

ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನನ್ನು ನೋಡಲು ಗಂಡುಗಳು ಬಂದಿದ್ದರು. ಅವಲಕ್ಕಿ ತಿಂದರು, ಚಹಾ ಕುಡಿದರು. ನಾನು ಹುಡುಗನನ್ನು ನೋಡುತ್ತಿದ್ದೇನೋ, ಪಕ್ಕದಲ್ಲಿ ಕೂತ ಅವನ ಸೋದರಮಾವನನ್ನು ನೋಡುತ್ತಿದ್ದೇನೋ ತಿಳಿಯದೆ ಇಬ್ಬರೂ ಗಾಬರಿಯಾಗಿ ಎದ್ದುಹೋದರು. ಅದೇ ಕಣ್ಣು ಮುಂದೆ ಸಾಲೆಯಲ್ಲಿ ನನಗೆ ಅನ್ನ ಕೊಟ್ಟಿತು. ಭಾಲ್ಕಿಯ ಕನ್ಯಾ ಸಾಲೆಯಲ್ಲಿ ನಾನು ಮಾಸ್ತರಿಣಿಯಾಗಿದ್ದಷ್ಟು ಕಾಲ ನನ್ನ ತರಗತಿಯಲ್ಲಿ ಗಲಾಟೆ ಎಂಬುದಿರಲಿಲ್ಲ. ಬಾಯಿ, ಅಂದರೆ ಮಾಸ್ತರಿಣಿ, ಯಾರನ್ನು ನೋಡುತ್ತಿದ್ದಾಳೆ ಎಂದು ಯಾವ ಹುಡುಗಿಗೂ ಖಾತ್ರಿಯಿಲ್ಲದ ಕಾರಣ ಎಲ್ಲರೂ ಸುಮ್ಮನಿರುತ್ತಿದ್ದರು.

ಪಲ್ಲವಿಯದು ನನ್ನಷ್ಟು ದೊಡ್ಡ ಮೆಳ್ಳಗಣ್ಣಲ್ಲ. ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಬೀದರಿನ ಕಣ್ಣಿನ ಡಾಕ್ಟರು ಅವಳ ಒಂದು ಕಣ್ಣು ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿದರು. ಕನ್ನಡಕ ಕೊಟ್ಟು, ಚಲೋ ಕಣ್ಣಿಗೆ ಪಟ್ಟಿ ಹಚ್ಚಿ, ದಿನಕ್ಕಿಷ್ಟು ಹೊತ್ತು ಎಂದು ಹೇಳಿ ಕಳಿಸಿದರು. ಅವಳ ಅಪ್ಪ ಬಸವರಾಜ, ಅಂದರೆ ನನ್ನ ತಮ್ಮನ ಮಗ, ಮನೆಗೆ ಬಂದು ನನಗೆ ಅದನ್ನೆಲ್ಲ ತಿಳಿಸಿ ಹೇಳಿದ. ಇದು ಹೊಸಾ ಟ್ರೀಟ್‌ಮೆಂಟು ಅತ್ತಿ, ನಿಮ್ಮ ಕಾಲದಾಗ ಇರಲಿಲ್ಲ ಎಂದ. ನಾನು ಹೂಂ ಎಂದೆ. ನನ್ನ ಬಲಗಣ್ಣಿಗೆ ಪಟ್ಟಿ ಕಟ್ಟಿದಾಗ ನಮ್ಮೂರಲ್ಲಿ ನಿಜಾಮರ ಸರ್ಕಾರವಿತ್ತು.

ನನ್ನ ಕಣ್ಣಿನ ಮೈಗಳ್ಳತನ ಬಯಲಾದದ್ದು ಕಣ್ಣು ಕಟ್ಟಿ ಹಿಡಿಯುವ ಆಟದಲ್ಲಿ. ನನಗಾಗ ಆರು ವರ್ಷವಿರಬೇಕು. ಕಟ್ಟಿದ ಬಟ್ಟೆ ಜಾರಿ ಎಡಗಣ್ಣು ಪೂರಾ ಹೊರಗೆ ಬಂದಿತ್ತು. "ಅಕಿಗಿ ಕಾಣ್ತದ, ಮೋಸ ಮಾಡ್ತಾಳ!" ಎಂದು ಹುಡುಗರು ಕೂಗುತ್ತಿರುವಾಗಲೇ ನಾನು ನೆಟ್ಟಗೆ ಹೋಗಿ ನಮ್ಮ ಎಮ್ಮೆಗೆ ಹಾಯ್ದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಮಾತ್ರ ನಗಲಿಲ್ಲ. ನನ್ನನ್ನು ಒಳಗೆ ಕರೆದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಜೋಳದ ರೊಟ್ಟಿಯನ್ನು ಮುಂದೆ ಹಿಡಿದು ಇದೇನು ಎಂದು ಕೇಳಿದ. ನಾನು ಮೂಸಿ ನೋಡಿ ರೊಟ್ಟಿ ಎಂದೆ. ಮೂಗು ಮುಚ್ಚಿ ಕೇಳಿದ. ಬೆಳ್ಳಗೆ ಏನೋ ಅದ ಎಂದೆ.

ಅಪ್ಪನ ತಾಯಿ, ನಮ್ಮ ಆಯಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದಳು. "ಹೆಣ್ಣಿಗಿ ಮೆಳ್ಳಗಣ್ಣಿದ್ರ ಮನಿಗಿ ಭಾಗ್ಯ ಬರ್ತದ. ಅದನ್ನ ತಿದ್ದಾಕ ಹೋಗಿ ಇದ್ದ ಭಾಗ್ಯ ಕಳ್ಕೋಬ್ಯಾಡ್ರಿ." ಆ ವರ್ಷ ನಮಗೆ ಬಂದ ಭಾಗ್ಯವೆಂದರೆ ಕುಸುಬಿ ಬೆಳೆಗೆ ರೋಗ ಬಿದ್ದದ್ದು ಮತ್ತು ಕುರಿ ಸತ್ತದ್ದು. ಆದರೂ ಆಯಿಯ ನಂಬಿಕೆ ಅಲುಗಲಿಲ್ಲ. ಇನ್ನೂ ದೊಡ್ಡ ಅನಾಹುತ ಆಗಬೇಕಿತ್ತು, ಹುಡುಗಿಯ ಕಣ್ಣು ತಡೆಯಿತು ಎಂದಳು. ಇಂಥ ವಾದಕ್ಕೆ ಎದುರು ವಾದ ಇರುವುದಿಲ್ಲ.

ಅಪ್ಪ ಪಟ್ಟು ಬಿಡದೆ ಇದ್ದಾಗ ಆಯಿ ತನ್ನ ತವರಿನ ವೈದ್ಯವನ್ನು ಮುಂದೆ ತಂದಳು. ಅವಳ ತವರು ಔರಾದಿನ ಹತ್ತಿರ. ಎತ್ತಿನ ಗಾಡಿಯಲ್ಲಿ ಹೋದೆವು. ಅಲ್ಲೊಬ್ಬ ಮುದುಕಿ ನನ್ನ ಕಣ್ಣಿಗೆ ಬಾಣಂತಿಯ ಎದೆಹಾಲು ಬಿಡಿಸಿದಳು. ಆಮೇಲೆ ಹಣೆಯ ಮುಂಗೂದಲಿಗೆ ಒಂದು ಕವಡಿ ಕಟ್ಟಿ ಮೂಗಿನ ಮೇಲೆ ಇಳಿಬಿಟ್ಟಳು. ಹೊರಗೆ ಹೊರಳಿದ ಕಣ್ಣು ಕವಡಿಯ ಆಸೆಗೆ ಒಳಗೆ ಬರುತ್ತದಂತೆ. ಬಂತು, ಬಲಗಣ್ಣು ಬಂತು. ಅದು ದುಡಿಯುವ ಕಣ್ಣು, ಯಾವ ಕೆಲಸ ಹೇಳಿದರೂ ತಾನೇ ಮುಂದೆ. ಎಡಗಣ್ಣು ತನ್ನ ಪಾಡಿಗೆ ಔರಾದಿನ ಗುಡ್ಡ ನೋಡುತ್ತ ಇತ್ತು. ಭಾಲ್ಕಿಗೆ ವಾಪಸು ಬಂದಾಗ ಅವ್ವ ನನ್ನ ಮುಖ ನೋಡಿ, ಏನೂ ಅನ್ನದೆ ಕವಡಿ ಬಿಚ್ಚಿ ಚೌಕಾಬಾರದ ಕವಡಿಗಳ ಜೊತೆ ಹಾಕಿದಳು.

ಕೊನೆಗೆ ಅಪ್ಪ ನನ್ನನ್ನು ರೈಲಿನಲ್ಲಿ ಬೀದರಿಗೆ ಕರೆದುಕೊಂಡು ಹೋದ. ಅಪ್ಪನ ಮೇಲೆ ಭರವಸೆ ಇಲ್ಲದ ಕಾರಣ ಆಯಿಯೂ ಬಂದಳು. ಅಪ್ಪನ ತಮ್ಮ, ನಮ್ಮ ಕಾಕಾ, ಚೌಬಾರಾ ಗೋಪುರದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುವ ಸಲುವಾಗಿ ಬಂದ. ಕಾಕಾನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಆಳೆತ್ತರದ, ಚೆಲುವಾದ ಮನುಷ್ಯ. ಕೂತಲ್ಲಿ ಏಳುತ್ತಿರಲಿಲ್ಲ. ಅಪ್ಪ ಕುರಿ ಮೇಯಿಸಿ, ಹೊಲ ಹರಗಿ, ರಾಶಿ ಮಾಡಿ ಮನೆಗೆ ಬರುವಾಗ ಕಾಕಾ ತಲೆಗೆ ನಿಜಾಮರ ಕಡೆಯವರು ಹಾಕುವ ಕೆಂಪು ರೂಮಿ ಟೊಪ್ಪಿಗೆ ಹಾಕಿಕೊಂಡು ಹಗ್ಗದ ಹೊರಸಿನ ಮೇಲೆ ಕಾಲು ಕುಣಿಸುತ್ತ, ರಾಜ್ಯ ಯಾರ ಕೈಗೆ ಹೋಗುತ್ತದೆ ಎಂಬ ಚಿಂತೆ ಮಾಡುತ್ತಿರುತ್ತಿದ್ದ. ನಿಂತಾಗಲೂ ಯಾವುದಕ್ಕಾದರೂ ಆತುಕೊಂಡೇ ನಿಲ್ಲುತ್ತಿದ್ದ. ಅಂದು ದವಾಖಾನೆಯ ಬಾಗಿಲಿಗೆ ಆತುಕೊಂಡಿದ್ದ.

ಡಾಕ್ಟರ್ ಸಾಹೇಬರು ಹೈದರಾಬಾದಿನಲ್ಲಿ ಓದಿ ಬಂದವರು, ಶೇರ್ವಾನಿ ತೊಟ್ಟಿದ್ದರು. ನನ್ನ ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ, ಬೆಳಕು ಬಿಟ್ಟು ನೋಡಿ, ಆಯಿಯ ಕಡೆ ತಿರುಗಿದರು. "ಕಣ್ಣು ಚಲೋ ಅದ ಅಮ್ಮಾ. ಕಣ್ಣಿಗಿ ಏನೂ ಆಗಿಲ್ಲ. ಅದು ತಿರ್ಛಾ, ಅಡ್ಡಡ್ಡ ನೋಡ್ತದಂತ ದಿಮಾಗು, ಅಂದ್ರ ಮಿದುಳು, ಅದರ ಮಾತು ಕೇಳೋದು ಬಿಟ್ಟದ. ಕೇಳೋರಿಲ್ಲಂತ ಅದೂ ಮಲಗೇದ. ಈಗ ಚಲೋ ಕಣ್ಣು ಕಟ್ಟಬೇಕು."

"ಕೆಟ್ಟ ಕಣ್ಣು ಬಿಟ್ಟು ಚಲೋ ಕಣ್ಣು ಕಟ್ಟಬೇಕಾ?" ಎಂದಳು ಆಯಿ.

"ಹೌದ್ರಿ. ಈಗ ನೋಡ್ರಿ, ಒಂದು ಮನ್ಯಾಗ ಇಬ್ಬರು ಅಣ್ಣತಮ್ಮ ಇರ್ತಾರ ಅಂತ ತಿಳಕೋರಿ. ಅಣ್ಣ ಹಗಲೂರಾತ್ರಿ ದುಡಿತಾನ. ತಮ್ಮ ಕೂತು ತಿಂತಾನ. ಅಣ್ಣ ಇರೋತನಕಾ ತಮ್ಮ ಯಾಕ ಏಳ್ತಾನ್ರಿ? ಅಣ್ಣನ್ನ ಆರು ತಿಂಗಳು ಪರ ಊರಿಗಿ ಕಳಿಸ್ರಿ. ಹೊಟ್ಟಿ ಹಸೀತಂದ್ರ ತಮ್ಮ ತಾನೇ ಏಳ್ತಾನ."

ಅಪ್ಪ ನೆಲ ನೋಡಿದ. ಕಾಕಾ ಆಕಳಿಸುತ್ತಿದ್ದವನು ಬಾಯಿ ತೆರೆದಂತೆಯೇ ನಿಂತ. ಆಯಿಯ ಮುಖ ಕೆಂಪಗಾಯಿತು. ಕಣ್ಣು ತೋರಿಸಲು ಬಂದರೆ ಈ ಮನುಷ್ಯ ತನ್ನ ಸಣ್ಣ ಮಗನಿಗೆ ಕೈ ಹಾಕುತ್ತಿದ್ದಾನೆ! ಯಾರೋ ಭಾಲ್ಕಿಯವರು ಮೊದಲೇ ಬಂದು ಚಾಡಿ ಹೇಳಿದ್ದಾರೆ ಎಂಬುದು ಅವಳಿಗೆ ಖಾತ್ರಿಯಾಯಿತು. "ನನ್ನ ಮಕ್ಕಳ ಸುದ್ದಿ ನಿಮಗ ಬ್ಯಾಡ್ರಿ ಡಾಕ್ಟರ್ ಸಾಬ" ಎಂದು ಸೆರಗು ಕೊಡವಿ ಎದ್ದಳು. ಪಾಪ, ಡಾಕ್ಟರರಿಗೆ ಏನೂ ಅರ್ಥವಾಗಲಿಲ್ಲ. ಅವರು ಅಪ್ಪನನ್ನು ಹಿಡಿದು ನಿಲ್ಲಿಸಿ, ಕಟ್ಟಿದ ಹೊತ್ತಿನಲ್ಲಿ ಹುಡುಗಿಗೆ ಸೂಜಿಗೆ ದಾರ ಪೋಣಿಸುವ, ಅಕ್ಕಿ ಆರಿಸುವ ಕೆಲಸ ಕೊಡಿ ಎಂದರು. ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. "ಸಣ್ಣಾಕಿ ಇದ್ದಾಗೇ ಆಗಬೇಕು. ಬೆಳೆದ ಮ್ಯಾಲ ಬಂದ್ರ ನಾನೂ ಏನ್ ಮಾಡಾಕ ಬರಂಗಿಲ್ಲ. ಆ ಕಣ್ಣು ಜನ್ಮಕ್ಕ ಹೋದಂಗೇ." ವಾಪಸು ಬರುವಾಗ ರೈಲಿನಲ್ಲಿ ಅಪ್ಪ ನನ್ನ ಬಲಗಣ್ಣಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ.

ಪಟ್ಟಿ ಹೊಲಿದುಕೊಟ್ಟವರು ನಮ್ಮ ಪಕ್ಕದ ಮನೆಯ ದರ್ಜಿ ಮಹಬೂಬ್ ಸಾಬರು. ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಒಂದು ಮೊಳದ ಗೋಡೆ. ಅವರ ಮಿಷನ್ನು ಕರ್‍ರಗೆ ಮಿಂಚುತ್ತಿತ್ತು, ಮೈ ತುಂಬ ಚಿನ್ನದ ಬಣ್ಣದ ಹೂವು. ದೃಷ್ಟಿಯಾಗಬಾರದೆಂದು ಅವರ ಹೆಂಡತಿ ಅದರ ಚಕ್ರಕ್ಕೆ ಕೆಂಪು ಗೊಂಡೆ ಕಟ್ಟಿದ್ದಳು. ಚಕ್ರ ತಿರುಗಿದಾಗ ಗೊಂಡೆ ಗಿರಗಿರ ಕುಣಿಯುತ್ತಿತ್ತು. ಯಾರದೋ ಶೇರ್ವಾನಿಯಲ್ಲಿ ಉಳಿದ ಹಸಿರು ಮಕಮಲ್ಲಿನ ತುಂಡಿನಿಂದ ಅವರು ನನಗೆ ಪಟ್ಟಿ ಮಾಡಿದರು. ಒಳಗೆ ಅರಳೆ ಹಾಕಿ, ಎರಡೂ ಕಡೆ ಲಾಡಿ ಇಟ್ಟರು. ಕಟ್ಟಿ ನೋಡಿ, "ವಾಹ್, ನವಾಬರ ಮಗಳು ಕಂಡಂಗ ಕಾಣ್ತಿ ನೋಡು ಬೇಟಿ" ಎಂದರು. ದಿನಾ ಮಧ್ಯಾಹ್ನ ಬಂದು ನನ್ನ ಸೂಜಿಗೆ ದಾರ ಹಾಕಿಕೊಡು ಎಂದು ಕೆಲಸವನ್ನೂ ಕೊಟ್ಟರು. ದಾರ ಒಂದು ಸಲವೂ ಸೂಜಿಯೊಳಗೆ ಹೋಗಲಿಲ್ಲ. ಆದರೂ ಅವರು ಕೊನೆಗೆ ತಾವೇ ಪೋಣಿಸಿ, ಹುಡುಗಿಯೇ ಪೋಣಿಸಿದಳೆಂದು ಹೆಂಡತಿಗೆ ಕೂಗಿ ಹೇಳುತ್ತಿದ್ದರು.

ಈಗ ನನ್ನ ಮುಖದ ಮೇಲೆ ಎರಡು ಸರ್ಕಾರಗಳ ಆಳ್ವಿಕೆ ಶುರುವಾಯಿತು. ಅಪ್ಪ ಮನೆಯಲ್ಲಿದ್ದರೆ ಪಟ್ಟಿ ಬಲಗಣ್ಣಿಗೆ. ಅಪ್ಪ ಹೊಲದ ದಾರಿ ಹಿಡಿದ ಕೂಡಲೇ ಆಯಿ ಬಂದು ಬಿಚ್ಚಿ ಎಡಗಣ್ಣಿಗೆ ಕಟ್ಟುತ್ತಿದ್ದಳು. "ದುಡಿಯೋ ಎತ್ತಿಗಿ ಕಣ್ಣು ಕಟ್ಟಿ ಮಲಗಿದ್ದಕ್ಕ ಮೇವು ಹಾಕ್ತಾರಾ? ಬ್ಯಾನಿ ಇದ್ದ ಕಣ್ಣು ಮುಚ್ಚಿ ತಣ್ಣಗಿಟ್ರ ತಾನೇ ಚಲೋ ಆಗ್ತದ" ಎನ್ನುತ್ತಿದ್ದಳು. ನಾನೂ ಪ್ರಜೆಯಾದವರು ಮಾಡುವುದನ್ನೇ ಮಾಡಿದೆ. ಕಾಲ ಸಪ್ಪಳ ಕೇಳಿ ಪಟ್ಟಿ ಸರಿಸಿಕೊಳ್ಳುವುದನ್ನು ಕಲಿತೆ. ಊರಿನ ದೊಡ್ಡವರೂ ಆಗ ಅದನ್ನೇ ಮಾಡುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ರೂಮಿ ಟೊಪ್ಪಿಗೆ, ಅದರ ಕೆಳಗೆ ಒಂದು ಬಿಳಿ ಗಾಂಧಿ ಟೊಪ್ಪಿಗೆ. ಒಂದು ಕಣ್ಣು ಹೈದರಾಬಾದಿನ ಕಡೆ, ಒಂದು ದಿಲ್ಲಿಯ ಕಡೆ. ಇಡೀ ಭಾಲ್ಕಿಗೆ ಮೆಳ್ಳಗಣ್ಣು ಬಂದಿತ್ತು, ಹೆಸರು ಮಾತ್ರ ನನ್ನದು.

ಮಳೆಗಾಲಕ್ಕೆ ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಹಾವಳಿ ನಮ್ಮ ಕಡೆಗೂ ಜೋರಾಯಿತು. ಹಳ್ಳಿಗಳಲ್ಲಿ ಮನೆ ಹೊಕ್ಕು ಗಂಡಸರನ್ನು ಎಳೆದೊಯ್ದ ಸುದ್ದಿ ಬರುತ್ತಿತ್ತು. ಅಪ್ಪ ಉಳಿದ ಕುರಿ ಮಾರಿ, ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದ. ಹೋಗುವಾಗ ಅವ್ವನಿಗೆ, "ಪೋರಿದು ಪಟ್ಟಿ ಬಿಡಬ್ಯಾಡ" ಎಂದ. ಅವ್ವ ಬಸುರಿ, ಆಯಿಯ ಮುಂದೆ ಅವಳ ಮಾತು ನಡೆಯುತ್ತಿರಲಿಲ್ಲ. ಒಂದು ದಿನ ರಜಾಕಾರರು ನಮ್ಮ ಓಣಿಗೂ ಬಂದರು. ಮಹಬೂಬ್ ಸಾಬರು ನಮ್ಮ ಬಾಗಿಲಿಗೆ ಅಡ್ಡ ನಿಂತು, ಈ ಮನೆಯಲ್ಲಿ ಮುದುಕಿ ಬಿಟ್ಟರೆ ಯಾರೂ ಇಲ್ಲ ಎಂದು ಹೇಳಿ ಅವರನ್ನು ವಾಪಸು ಕಳಿಸಿದರು. ಕಾಕಾ ಆ ಹೊತ್ತಿನಲ್ಲಿ ಕಣಜದೊಳಗೆ ಜೋಳದಲ್ಲಿ ಕೊರಳ ತನಕ ಹುಗಿದುಕೊಂಡಿದ್ದ.

ಡಾಕ್ಟರು ಹೇಳಿದಂತೆ ಅಣ್ಣ ಪರ ಊರಿಗೆ ಹೋಗಿದ್ದ. ತಮ್ಮ ಏಳುವುದನ್ನು ನೋಡುವುದಷ್ಟೇ ಬಾಕಿ.

ಆಮೇಲೆ ದಿಲ್ಲಿಯ ಫೌಜು ಬಂತು. ಪೊಲೀಸ್ ಆಕ್ಷನ್ ಎಂದು ನಾವೀಗ ಹೇಳುವುದು. ನನಗೆ ನೆನಪಿರುವುದು ದೊಡ್ಡ ದಾರಿಯಲ್ಲಿ ಗಾಡಿಗಳು ಹೋದ ಸದ್ದು, ಪೆಟ್ಟಿಗೆಗಳ ತಳದಿಂದ ಬಿಳಿ ಟೊಪ್ಪಿಗೆಗಳು ಹೊರಬಂದದ್ದು, ಜನ ಕುಣಿದದ್ದು. ಹೆದರಿಕೆ ಹೋಯಿತೆಂದು ಅವ್ವ ಅತ್ತಳು, ಅದು ನಿಜವಾದ ಅಳು. ಆದರೆ ಕುಣಿತ ಅಲ್ಲಿಗೇ ನಿಲ್ಲಲಿಲ್ಲ. ರಜಾಕಾರರು ಸಿಗದವರಿಗೆ ಮುಸಲ್ಮಾನ ನೆರೆಯವರು ಸಿಕ್ಕರು. ಓಣಿಯಲ್ಲಿ ಕೂಗಾಟ ಶುರುವಾದ ದಿನ ಆಯಿ ಕದ ಹಾಕಿ, ನನ್ನನ್ನು ಹಿಡಿದು ಕೂರಿಸಿ, ಹಸಿರು ಪಟ್ಟಿಯನ್ನು ತಾನೇ ಹುಡುಕಿ ತಂದು ಬಲಗಣ್ಣಿಗೆ ಬಿಗಿದಳು.

"ಆಯಿ, ಅದು ಚಲೋ ಕಣ್ಣು" ಎಂದೆ.

"ಗೊತ್ತದ. ಅದಕ್ಕೇ ಕಟ್ಟೀನಿ. ನೋಡಬ್ಯಾಡ ಹೊರಗ" ಎಂದಳು.

ಹಾಗೆ ನನ್ನ ಎಡಗಣ್ಣಿಗೆ ಜೀವನದಲ್ಲಿ ಮೊದಲ ಸಲ ತಡೆಯಿಲ್ಲದ ದುಡಿಮೆ ಸಿಕ್ಕಿತು. ದಿನಗಟ್ಟಲೆ ಆ ಪಟ್ಟಿ ಬಿಚ್ಚಲಿಲ್ಲ. ನಾನು ಗೋಡೆ ಹಿಡಿದು ಓಡಾಡಿದೆ, ತಂಬಿಗೆಗೆ ಎಡವಿದೆ, ಬೇಳೆ ಹಾಕಿದ ಕಡೆ ಕೈ ಹಾಕದೆ ಬೂದಿಯಲ್ಲಿ ಕೈ ಹಾಕಿದೆ. ಬರಬರುತ್ತ ಬೆಳ್ಳಗಿನದಕ್ಕೆ ಅಂಚು ಮೂಡಿತು. ಒಲೆ ಯಾವುದು, ಅವ್ವ ಯಾರು ತಿಳಿಯಹತ್ತಿತು. ಖುಷಿಗೆ ನಾನು ಯಾರಿಗೂ ಹೇಳದೆ ಮಾಳಿಗೆ ಹತ್ತಿದೆ, ಇನ್ನೂ ಏನೇನು ಕಾಣುತ್ತದೋ ನೋಡೋಣವೆಂದು.

ಪಕ್ಕದ ಅಂಗಳದ ಕದ ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಆ ಕದದಿಂದ ಒಬ್ಬ ಎತ್ತರದ ಮನುಷ್ಯ ಹೊರಗೆ ಬಂದ. ಮುಖ ಕಾಣಲಿಲ್ಲ, ನಡಿಗೆ ಕಂಡಿತು. ಎರಡು ಹೆಜ್ಜೆಗೊಮ್ಮೆ ಯಾವುದಕ್ಕಾದರೂ ಆತುಕೊಳ್ಳುವ ನಡಿಗೆ. ತಲೆಯ ಮೇಲೆ ಬೆಳ್ಳಗಿನ ಟೊಪ್ಪಿಗೆ, ಅದರ ಮೇಲೆ ಕರ್‍ರಗೆ ಭಾರದ್ದು ಏನೋ. ಅವನು ನಮ್ಮ ಹಿತ್ತಲಿಗೆ ತಿರುಗಿದಾಗ ಬಿಸಿಲಿನಲ್ಲಿ ಕೆಂಪಗೆ ಏನೋ ಗಿರಗಿರ ಕುಣಿಯಿತು. ನಮ್ಮ ಕಾಕಾ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ವಾಪಸು ಬಂದ ದಿನ ಎಲ್ಲರೂ ಉಣ್ಣಲು ಕೂತಿದ್ದೆವು. ನನ್ನ ಹತ್ತಿರ ಅಪ್ಪನಿಗೆ ಹೇಳಲು ಎಂಥ ಸುದ್ದಿ ಇತ್ತು ಯೋಚಿಸಿ! ಪಟ್ಟಿ ಕಟ್ಟಿಕೊಂಡೇ ಕೂತಿದ್ದೆ, ನನ್ನದೇ ಜಯವೆಂಬಂತೆ. "ಅಪ್ಪಾ, ನನಗ ಎಡಗಣ್ಣಿಲೆ ಕಾಣ್ತದ! ಕಾಕಾ ಮಹಬೂಬ್ ಸಾಬರ ಮಿಷನ್ ಹೊತ್ಕೊಂಡು ಬಂದಿದ್ದು ಕಾಣ್ತು! ಗೊಂಡಿ ಸೈತ ಕಾಣ್ತು!"

ಕಾಕಾನ ಕೈಯ ರೊಟ್ಟಿ ಬಾಯಿಗೆ ಹೋಗಲಿಲ್ಲ. ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪ ಎದ್ದು, ಮೂಲೆಯಲ್ಲಿದ್ದ ಗೋಣಿಚೀಲಗಳ ಗುಡ್ಡೆಯ ಹತ್ತಿರ ಹೋಗಿ, ಮೇಲಿನ ಚೀಲ ಎತ್ತಿ ನೋಡಿ, ಮತ್ತೆ ಮುಚ್ಚಿದ.

"ಆ ಕಣ್ಣಿಗಿ ಏನೂ ಕಾಣಂಗಿಲ್ಲ" ಎಂದಳು ಆಯಿ. "ಡಾಕ್ಟರ್ ಸಾಬೇ ಹೇಳ್ಯಾರ."

ಡಾಕ್ಟರರ ಮಾತನ್ನು ಅವಳು ಒಪ್ಪಿದ್ದು ಅದೊಂದೇ ಸಲ. ನಾನು ಕಾಣ್ತದ, ಕಾಣ್ತದ ಎಂದು ಅಳಹತ್ತಿದೆ. ಅಪ್ಪ ಬಂದು ನನ್ನ ಹಿಂದೆ ಕೂತ. ಅವನು ಕಾಕಾನನ್ನು ಕೇಳುತ್ತಾನೆ, ಬೈಯುತ್ತಾನೆ, ಮಿಷನ್ ಎತ್ತಿ ಕೊಟ್ಟು ಬಾ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಲಾಡಿಯ ಗಂಟು ಬಿಚ್ಚಿದ. "ಸಾಕವ್ವ, ಇನ್ನ ಸಾಕು" ಎಂದ. ಹಸಿರು ಪಟ್ಟಿಯನ್ನು ಆಯಿ ಒಲೆಗೆ ಹಾಕಿದಳು. ಮಕಮಲ್ಲು ಸುಟ್ಟ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ.

ನನ್ನ ಕಣ್ಣಿನ ಔಷಧಿ ನಿಂತದ್ದು ಹೀಗೆ. ಗುಣವಾಗಲಿಲ್ಲ ಎಂದು ನಿಲ್ಲಿಸಲಿಲ್ಲ, ಗುಣವಾಗಹತ್ತಿತು ಎಂದು ನಿಲ್ಲಿಸಿದರು. ಬೀದರಿನ ಡಾಕ್ಟರ್ ಸಾಹೇಬರೂ ಅಷ್ಟರಲ್ಲಿ ಊರು ಬಿಟ್ಟಿದ್ದರಂತೆ. ಮಹಬೂಬ್ ಸಾಬರ ಮನೆಯವರು ಬೀದರಿಗೆ ಹೋದರು ಎಂದರು, ಹೈದರಾಬಾದಿಗೆ ಎಂದರು. ಎಲ್ಲಿಗೂ ಮುಟ್ಟಲಿಲ್ಲ ಎಂದವರು ಮೆಲ್ಲಗೆ ಎಂದರು. ಎಡಗಣ್ಣು ಬಾಗಿಲ ಕಡೆ ತಿರುಗಿ ಮಲಗಿತು. ಅಪ್ಪನ ಮೇಲೆ ನನಗೆ ಸಿಟ್ಟು ಇದೆ. ಸತ್ತು ಎಷ್ಟೋ ವರ್ಷವಾದರೂ ಇದೆ. ಆಯಿಯ ಮೇಲೆ ಅಷ್ಟಿಲ್ಲ, ಅವಳಿಂದ ನಾನು ಏನನ್ನೂ ಬಯಸಿರಲಿಲ್ಲ.

ಕಾಕಾ ಮಾತ್ರ ಒಮ್ಮೆ ಎದ್ದವನು ಮತ್ತೆ ಕೂರಲಿಲ್ಲ. ಟೊಪ್ಪಿಗೆಗೆ ತಕ್ಕ ಖಾದಿ ಬಂತು, ಖಾದಿಗೆ ತಕ್ಕ ಭಾಷಣ ಬಂತು. ಹೈದರಾಬಾದ್ ವಿಮೋಚನೆಯ ಹೋರಾಟಗಾರರು ಎಂದು ಸೆಪ್ಟೆಂಬರ್ ಬಂದರೆ ಶಾಲು ಹೊದಿಸುತ್ತಿದ್ದರು. ಕಣಜದಲ್ಲಿ ಅಡಗಿದ್ದು ಭೂಗತ ಚಟುವಟಿಕೆಯಾಯಿತು. ಕೆಲವು ವರ್ಷದ ಮೇಲೆ ಮಿಷನ್ನೂ ಗೋಣಿಯಿಂದ ಹೊರಬಂತು, ಗೊಂಡೆ ಇರಲಿಲ್ಲ. ಮನೆಯ ಹೆಣ್ಣುಮಕ್ಕಳೆಲ್ಲ ಅದರಲ್ಲಿ ಹೊಲಿದರು. ಅವ್ವ ಸಾಯುವ ತನಕ ತನ್ನ ಕುಪ್ಪಸ ಕೈಯಲ್ಲೇ ಹೊಲಿದುಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಪಲ್ಲವಿಯ ಸಾಲೆಯಲ್ಲಿ ವಿಮೋಚನಾ ದಿನದ ಪ್ರದರ್ಶನಕ್ಕೆ ಮನೆಯ ಹಳೆಯ ವಸ್ತು ತನ್ನಿ ಎಂದರಂತೆ. ಬಸವರಾಜ ಮಿಷನ್ನು ತೆಗೆದು, ಎಣ್ಣೆ ಬಿಟ್ಟು ಒರೆಸಿ, ಪಡಸಾಲೆಯ ನಡುವೆ ಇಟ್ಟ. ಈಗಿನ ಡಾಕ್ಟರೂ ಸಣ್ಣ ಕೆಲಸ ಮಾಡಿಸಿ ಎಂದಿದ್ದಾರಲ್ಲ, ಪಲ್ಲವಿ ಕರಡಿ ಪಟ್ಟಿ ಹಚ್ಚಿಕೊಂಡು ಅದರ ಸೂಜಿಗೆ ದಾರ ಪೋಣಿಸಲು ಕೂತಳು. ನಾಲಿಗೆ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಪೋಣಿಸಿಯೇಬಿಟ್ಟಳು.

"ಆಯಿ, ಈ ಮಿಷನ್ ಯಾರದು?" ಎಂದು ನನ್ನನ್ನು ಕೇಳಿದಳು. ಈಗ ಈ ಮನೆಯ ಆಯಿ ನಾನು.

"ದೊಡ್ಡ ಮುತ್ಯಾಂದು" ಎಂದ ಬಸವರಾಜ. ನಮ್ಮ ಕಾಕಾ ಅವರಿಗೆಲ್ಲ ದೊಡ್ಡ ಮುತ್ಯಾ. "ಹೋರಾಟದಾಗ ಝಂಡಾ ಹೊಲೀಲಾಕ ಹೈದರಾಬಾದಿನಿಂದ ತಂದಿದ್ರು. ಸಾಲ್ಯಾಗ ಹಂಗೇ ಹೇಳಬೇಕು, ತಿಳೀತಾ?"

"ಮಹಬೂಬ್ ಸಾಬರದು" ಎಂದೆ ನಾನು. "ಪಕ್ಕದ ಮನಿ ದರ್ಜಿದು. ಅವರ ಮನ್ಯಾಗಿಂದ ಮುತ್ಯಾ ಹೊತ್ಕೊಂಡು ಬಂದಿದ್ದು ನಾ ನೋಡೀನಿ."

ಬಸವರಾಜ ನಕ್ಕ. ಒಳ್ಳೆಯ ಹುಡುಗ ಅವನು, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. "ಅತ್ತಿಗಿ ವಯಸ್ಸಾತು ಪಲ್ಲು. ಮೊದಲೇ ಅವರಿಗಿ ಒಂದು ಕಣ್ಣು ಕಾಣಂಗಿಲ್ಲ" ಎಂದ.

ಪಲ್ಲವಿ ಸೂಜಿಯಿಂದ ಮುಖ ಎತ್ತಿ, ಕರಡಿಯ ಪಕ್ಕದ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. "ಆಯಿ, ಯಾರದು ಅಂದಿ? ಇನ್ನೊಮ್ಮಿ ಹೇಳು."

"ಸಾಕು ಸಾಕು, ಇವತ್ತಿಗಿ ಸಾಕು, ಪಟ್ಟಿ ತಗಿ" ಎನ್ನುತ್ತ ಬಸವರಾಜ ಅವಳ ಮುಖಕ್ಕೆ ಕೈ ಹಾಕಿದ.

ನಾನು ಅವನ ಕೈ ಹಿಡಿದೆ. "ಇನ್ನಾ ಹೊತ್ತಾಗಿಲ್ಲ" ಎಂದೆ. "ಡಾಕ್ಟರ್ ಹೇಳಿದಷ್ಟು ಹೊತ್ತು ಇರ್ಲಿ ಅದು."